ಇಲ್ಲಿ ತಿನ್ನೋಕೇನೂ ಸಿಗಲ್ಲ ಗುರೂ...

ಸಿಂಗಪುರದಲ್ಲಿ ಯಾವ ಕನ್ನಡಿಗರ ಮನೆಗಾದ್ರೂ ಶನಿವಾರ ಸಂಜೆ ಹೋಗಿ. ಕಾಫಿ ಲೋಟ ಖಾಲಿಯಾಗೋದ್ರೊಳಗೆ ಎರಡು ಮಾತು ಬಂದೇ ಬರುತ್ತೆ. ಮೊದಲನೇದು, "ಇಲ್ಲಿ ತಿನ್ನೋಕೇನೂ ಸಿಗಲ್ಲ ಗುರೂ". ಎರಡನೇದು, "ಬೆಂಗಳೂರಿಗೆ ಬಂದು ಹತ್ತು ವರ್ಷ ಆದ್ರೂ ಒಂದಕ್ಷರ ಕನ್ನಡ ಕಲಿಯಲ್ಲ ಈ ಜನ, ಎಂಥಾ ಸೊಕ್ಕು ನೋಡು!" ಎರಡನ್ನೂ ಹೇಳೋದು ಒಬ್ಬರೇ, ಅದೇ ಸೋಫಾ ಮೇಲೆ ಕೂತು. ಇವೆರಡೂ ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ ಅಂತ ನಂಗೆ ನಾಲ್ಕು ವರ್ಷ ಹೊಳೆದೇ ಇರ್ಲಿಲ್ಲ. ಯಾಕಂದ್ರೆ ಆ ಸೋಫಾ ಮೇಲೆ ನಾನೂ ಕೂತಿದ್ದೆ :-)

ಮೊದಲು ನನ್ನ ಕಥೆಯನ್ನೇ ಹೇಳಿಬಿಡ್ತೀನಿ. ನಾನು ಸಸ್ಯಾಹಾರಿ. ವಾರವಿಡೀ ಮನೆ ಡಬ್ಬಿ. ವಾರಾಂತ್ಯ ಬಂದ್ರೆ ರೈಲು ಹತ್ತಿ ಲಿಟಲ್ ಇಂಡಿಯಾ. ಸೆರಂಗೂನ್ ರಸ್ತೆಯಲ್ಲಿ 1947ರಿಂದ ಕೋಮಲ ವಿಲಾಸ್ ಇದೆ, 2013ರಲ್ಲಿ ನಮ್ಮ ಎಂಟಿಆರ್ ಕೂಡ ಬಂತು. ಮಸಾಲೆ ದೋಸೆ, ಕಾಫಿ, ಆಮೇಲೆ "ನಮ್ಮೂರ ರುಚಿ ಇಲ್ಲ ಬಿಡು" ಅಂತ ಒಂದು ನಿಟ್ಟುಸಿರು. ಮತ್ತೆ ರೈಲು. ಇಡೀ ಊರಲ್ಲಿ ನಾನು ಊಟಕ್ಕೆ ಅಂತ ಓಡಾಡಿದ್ದು ಒಂದೇ ರಸ್ತೆ. ಅದನ್ನಿಟ್ಟುಕೊಂಡು "ಸಿಂಗಪುರದಲ್ಲಿ ಊಟ ಸರಿ ಇಲ್ಲ" ಅಂತ ಊರಿಗೆಲ್ಲಾ ಫೋನಲ್ಲಿ ವರದಿ ಒಪ್ಪಿಸ್ತಿದ್ದೆ. ಒಂದೇ ಇನ್‌ಪುಟ್ ಕೊಟ್ಟು ಟೆಸ್ಟ್ ಮಾಡಿ ಇಡೀ ಸಾಫ್ಟ್‌ವೇರೇ ಸರಿ ಇಲ್ಲ ಅಂದ ಹಾಗೆ!

ಈ ಊರು ನಿಜವಾಗಿ ಊಟ ಮಾಡೋದು ಹಾಕರ್ ಸೆಂಟರುಗಳಲ್ಲಿ. ರಸ್ತೆ ಬದಿಯ ಗಾಡಿಗಳನ್ನೆಲ್ಲ ಎಪ್ಪತ್ತು-ಎಂಬತ್ತರ ದಶಕದಲ್ಲಿ ಸರ್ಕಾರ ನಲ್ಲಿ, ಚರಂಡಿ, ಸೂರು ಇರೋ ಕಟ್ಟಡಗಳಿಗೆ ಸಾಗಿಸ್ತು. ಇವತ್ತು ಅಂಥವು ನೂರಕ್ಕೂ ಹೆಚ್ಚಿವೆ. 2020ರಲ್ಲಿ ಯುನೆಸ್ಕೊ ಈ ಹಾಕರ್ ಸಂಸ್ಕೃತಿಯನ್ನ ತನ್ನ ಪಟ್ಟಿಗೆ ಸೇರಿಸಿಕೊಳ್ತು. ಒಂದೇ ಮೇಜಲ್ಲಿ ಬ್ಯಾಂಕಿನ ಸಾಹೇಬ, ಲಾರಿ ಡ್ರೈವರ್, ಚೀನೀ ಅಜ್ಜಿ, ಮಲಯ್ ಹುಡುಗರು. ಜಾಗ ಹಿಡಿಯೋಕೆ ಮೇಜಿನ ಮೇಲೆ ಒಂದು ಟಿಶ್ಯೂ ಪೊಟ್ಟಣ ಇಟ್ಟು ಹೋಗ್ತಾರೆ, ಅದಕ್ಕೆ 'ಚೋಪ್' ಅಂತಾರೆ. ನಾವು ಕೆಂಪು ಬಸ್ಸಿನ ಕಿಟಕಿಯಿಂದ ಸೀಟಿಗೆ ಕರ್ಚೀಫ್ ಎಸೀತೀವಲ್ಲ, ಅದೇ! ಇಷ್ಟು ನಮ್ಮಂಥ ಊರನ್ನ ನಾವು ಮೂಗು ಮುಚ್ಚಿಕೊಂಡು ದಾಟಿ ಹೋಗ್ತೀವಿ.

"ಅಲ್ಲಿ ಎಲ್ಲಾ ಮಾಂಸ ಕಣೋ." ಗೊತ್ತು. ನಾನೂ ಇದನ್ನೇ ಹೇಳ್ತಿದ್ದೆ. ಆದ್ರೆ ತುಂಬಾ ಸೆಂಟರುಗಳಲ್ಲಿ ಒಂದಾದ್ರೂ ಚೀನೀ ಸಸ್ಯಾಹಾರಿ ಅಂಗಡಿ ಇರುತ್ತೆ. ಅಕ್ಕಿ ಶಾವಿಗೆಯ ಬಿಹೂನ್, ತೋಫು, ಎಲೆಕೋಸಿನ ಪಲ್ಯ... ಬೌದ್ಧ ಪದ್ಧತಿಯ ಅಂಗಡಿ ಆದ್ರೆ ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕಲ್ಲ. ನಮ್ಮಲ್ಲಿ ಎಷ್ಟು ಜನ ಅಷ್ಟು ಮಡಿ ಇದ್ದಾರೆ ಹೇಳಿ? ಟೆಕ್ಕಾ ಸೆಂಟರಲ್ಲಿ ಪುಟ್ಟು ಮಾಯಂ ಸಿಗುತ್ತೆ, ಮೇಲೆ ಕಾಯಿತುರಿ, ಸಕ್ಕರೆ. ನಮ್ಮ ಒತ್ತು ಶ್ಯಾವಿಗೆ ಸ್ವಾಮೀ! ಒಂಡೆ ಒಂಡೆ ಅಂತ ಇನ್ನೊಂದಿದೆ, ಒಳಗೆ ಬೆಲ್ಲದ ಪಾಕ, ಹೊರಗೆ ಕಾಯಿತುರಿ. ಕಣ್ಣು ಮುಚ್ಚಿ ತಿಂದ್ರೆ ಗಣೇಶನ ಹಬ್ಬ ನೆನಪಾಗುತ್ತೆ. ಮಲಯ್ ಭಾಷೇಲಿ ರುಚಿಗೆ ಏನಂತಾರೆ ಗೊತ್ತಾ? ರಸ. ಇಷ್ಟು ಹತ್ತಿರದ ನೆಂಟರನ್ನ ಗುರುತೇ ಹಿಡೀದೆ ಕೂತಿದೀವಿ ನಾವು.

ಆದ್ರೆ ನನ್ನ ಮುಖಕ್ಕೆ ಹೊಡೆದಿದ್ದು ಒಂಡೆ ಒಂಡೆ ಅಲ್ಲ. ಒಂದು ಟೀಮ್ ಲಂಚ್.

ನಮ್ಮ ಟೀಮಲ್ಲಿ ಭಾರತದವರೇ ಜಾಸ್ತಿ. ಹಾಗಾಗಿ ಟೀಮ್ ಲಂಚ್ ಅಂದ್ರೆ ಆಫೀಸ್ ಪಕ್ಕದ ಒಂದು ಉತ್ತರ ಭಾರತದ ಹೋಟೆಲ್ ಅಂತ ನಿಗದಿಯಾಗಿತ್ತು. ಒಬ್ಬ ಮಲಯ್ ಸಹೋದ್ಯೋಗಿ ಇದ್ದಾಳೆ. ಪ್ರತೀ ಸಲ ಬರ್ತಾಳೆ, ನಗ್ತಾ ಕೂರ್ತಾಳೆ, ನಿಂಬೆ ಶರಬತ್ತು ಕುಡೀತಾಳೆ. "ಊಟ ಆಯ್ತು, ನೀವು ತಿನ್ನಿ" ಅಂತಾಳೆ. ಮೂರು ವರ್ಷ! ಡಯಟ್ ಇರ್ಬೇಕು ಅಂದ್ಕೊಂಡಿದ್ವಿ. ಕಳೆದ ವರ್ಷ ಒಂದಿನ ಬೇರೆ ಯಾರೂ ಇರ್ಲಿಲ್ಲ, ಇಬ್ಬರೇ ಹಾಕರ್ ಸೆಂಟರಿಗೆ ಹೋದ್ವಿ. ನಾನು ಎಂದಿನಂತೆ "ನಂಗೆ ಅಲ್ಲಿ ಏನೂ ಸಿಗಲ್ಲ" ಅಂತ ರಾಗ ತೆಗೆದೆ. ಅವಳು ನಾಸಿ ಪದಾಂಗ್ ಅಂಗಡಿ ಮುಂದೆ ನಿಂತು, ಅಂಗಡಿಯಾಕೆ ಹತ್ರ ಮಲಯ್ ಭಾಷೇಲಿ ಒಂದೊಂದೇ ಪಾತ್ರೆ ತೋರಿಸಿ ವಿಚಾರಿಸಿದಳು. ಇದರಲ್ಲಿ ಒಣ ಸೀಗಡಿ ಇದೆ, ಬೇಡ. ಆ ಸಾಂಬಾಲ್‌ಗೆ ಬೆಲಾಚಾನ್ ಹಾಕಿದಾರೆ, ಅದೂ ಸೀಗಡಿದೇ, ಬೇಡ. ಕೊನೆಗೆ ಅನ್ನ, ಹುರಿದ ಟೆಂಪೆ, ಬದನೆಕಾಯಿ, ಒಂದು ಸೊಪ್ಪು. ತಟ್ಟೆ ನನ್ನ ಕೈಗಿಟ್ಟು ತಾನೂ ಒಂದು ತಟ್ಟೆ ತುಂಬಾ ಹಾಕಿಸ್ಕೊಂಡಳು.

"ಇವತ್ತು ಡಯಟ್ ಇಲ್ವಾ?" ಅಂದೆ.

"ಡಯಟ್ಟಾ? ಆ ಹೋಟೆಲಿಗೆ ಹಲಾಲ್ ಸರ್ಟಿಫಿಕೇಟ್ ಇಲ್ಲ, ಅದಕ್ಕೇ ತಿಂತಿರ್ಲಿಲ್ಲ" ಅಂದಳು. ಸಿಟ್ಟಿಲ್ಲ, ಆರೋಪ ಇಲ್ಲ.

ಟೆಂಪೆ ಗಂಟಲಲ್ಲೇ ನಿಂತಿತು. ಮೂರು ವರ್ಷ ನಾವು ಆ ಮೇಜಲ್ಲಿ ಕೂತು "ವೆಜ್ ಜನರಿಗೆ ಈ ದೇಶದಲ್ಲಿ ಎಷ್ಟು ಕಷ್ಟ" ಅಂತ ಭಾಷಣ ಮಾಡಿದ್ವಿ. ಅದೇ ಮೇಜಲ್ಲಿ, ಅವಳದೇ ಊರಲ್ಲಿ, ಅವಳು ಉಪವಾಸ ಕೂತಿದ್ದಳು. ನನ್ನ ಊಟದ ಕಟ್ಟುಪಾಡು ಅವಳಿಗೆ ಸೀಗಡಿ ಪುಡಿಯವರೆಗೂ ಗೊತ್ತಿತ್ತು. ಅವಳ ಕಟ್ಟುಪಾಡು ನಮ್ಮಲ್ಲಿ ಒಬ್ಬರಿಗೂ ಗೊತ್ತಿರ್ಲಿಲ್ಲ. ಕೇಳಿರ್ಲಿಲ್ಲ, ಅಷ್ಟೆ.

ಇದಕ್ಕೇ ನಾನು ಹೇಳ್ತಿರೋದು, ಸಮಸ್ಯೆ ಸಸ್ಯಾಹಾರದ್ದಲ್ಲ ಅಂತ. ನನ್ನ ತಟ್ಟೆಗೆ ಮೀನು ಬರ್ಬೇಕು ಅಂತ ಯಾರೂ ಕೇಳ್ತಿಲ್ಲ, ನಾನೂ ನಿಮಗೆ ಹೇಳ್ತಿಲ್ಲ. ಸಮಸ್ಯೆ ಇರೋದು ನಮ್ಮ ಕಷ್ಟ ಒಂದೇ ಕಷ್ಟ ಅಂದ್ಕೊಂಡಿರೋದ್ರಲ್ಲಿ.

ಇಲ್ಲಿ 2011ರಲ್ಲಿ ಒಂದು ಸುದ್ದಿ ಬಂತು. ಚೀನಾದಿಂದ ಹೊಸದಾಗಿ ಬಂದ ಒಂದು ಕುಟುಂಬ, ಪಕ್ಕದ ಭಾರತೀಯ ಮೂಲದವರ ಮನೆಯ ಕರಿ ವಾಸನೆ ತಡೆಯೋಕಾಗಲ್ಲ ಅಂತ ಹಿಂದೆ ದೂರು ಕೊಟ್ಟಿತ್ತಂತೆ. ರಾಜಿ ಪಂಚಾಯ್ತಿಯಲ್ಲಿ, ಆ ಚೀನೀ ಕುಟುಂಬ ಮನೇಲಿಲ್ಲದಾಗ ಮಾತ್ರ ಕರಿ ಮಾಡ್ತೀವಿ ಅಂತ ಇವರು ಒಪ್ಪಿದ್ರು. ಸುದ್ದಿ ಹೊರಬಿದ್ದಾಗ ಊರೇ ಕೆರಳ್ತು. ಆ ವರ್ಷ ಆಗಸ್ಟ್ 21ರ ಭಾನುವಾರ "ಎಲ್ಲರೂ ಕರಿ ಮಾಡೋಣ" ಅಂತ ಕರೆ ಹೋಯ್ತು. ಚೀನೀಯರು, ಮಲಯ್‌ಗಳು, ಭಾರತೀಯರು ಎಲ್ಲಾ ಸೇರಿ ಕರಿ ಬೇಯಿಸಿದ್ರು. ನಮ್ಮ ಒಗ್ಗರಣೆ ವಾಸನೆ ಈ ಊರಿನದೇ ವಾಸನೆ ಅಂತ ಅವರು ನಿಂತು ಹೇಳಿದ್ರು. ಮತ್ತೆ ನಾವು? ಲಿಫ್ಟಲ್ಲಿ ಬೆಲಾಚಾನ್ ವಾಸನೆ ಬಂದ್ರೆ ಮುಖ ಕಿವುಚ್ತೀವಿ.

ಈಗ ನೀವು ಹೇಳ್ಬಹುದು, "ಭಾಷೆ ಬೇರೆ, ಊಟ ಬೇರೆ. ಇಲ್ಲಿ ಇಂಗ್ಲಿಷಲ್ಲೇ ಎಲ್ಲಾ ನಡೆಯುತ್ತೆ. ಎರಡು ವರ್ಷಕ್ಕೆ ವಾಪಸ್ ಹೋಗೋರು ನಾವು." ಸ್ವಲ್ಪ ನಿಲ್ಲಿ. ಈ ಮಾತನ್ನ ಎಲ್ಲೋ ಕೇಳಿದೀರಲ್ವಾ? ವೈಟ್‌ಫೀಲ್ಡಿನಲ್ಲಿ, ಮಾರತಹಳ್ಳಿಯಲ್ಲಿ? "ಇಂಗ್ಲಿಷ್, ಹಿಂದಿಯಲ್ಲೇ ನಡೆಯುತ್ತೆ, ಎರಡು ವರ್ಷಕ್ಕೆ ಹೋಗೋರು ನಾವು." ಅಕ್ಷರ ಅಕ್ಷರ ಅದೇ, ಕಾಪಿ ಪೇಸ್ಟ್! ಅವರು ಹೇಳಿದ್ರೆ ಸೊಕ್ಕು, ನಾವು ಹೇಳಿದ್ರೆ ಪ್ರಾಕ್ಟಿಕಲ್ಲಾ? ಬೆಂಗಳೂರಿಗೆ ಬಂದೋರು ಕನ್ನಡ ಕಲೀಬೇಕು ಅನ್ನೋದನ್ನ ನಾನು ಈಗಲೂ ಒಪ್ತೀನಿ, ಗಟ್ಟಿಯಾಗೇ ಕೇಳ್ತೀನಿ. ಆದ್ರೆ ಕೇಳೋಕೆ ಒಂದು ಯೋಗ್ಯತೆ ಬೇಕಲ್ಲ? ಅದನ್ನ ಸಂಪಾದಿಸ್ಕೊಳ್ಳೋ ಜಾಗ ನಾವು ಇರೋ ಊರು.

ಮತ್ತೆ ಇದು ಭಾರೀ ಕಷ್ಟದ ಕೆಲಸವೂ ಅಲ್ಲ. ಕೋಪಿ ಅಂದ್ರೆ ಸಿಹಿ ಗಟ್ಟಿಹಾಲಿನ ಕಾಫಿ. ಕೋಪಿ ಓ ಅಂದ್ರೆ ಹಾಲಿಲ್ಲ, ಸಕ್ಕರೆ ಇದೆ. ಕೋಪಿ ಓ ಕೊಸೊಂಗ್ ಅಂದ್ರೆ ಸಕ್ಕರೆಯೂ ಇಲ್ಲ. ಕೊಸೊಂಗ್ ಮಲಯ್ ಪದ, ಖಾಲಿ ಅಂತ. ಓ ಅನ್ನೋದು ಹೊಕ್ಕಿಯೆನ್, ಕಪ್ಪು ಅಂತ. ಒಂದು ಲೋಟ ಕಾಫಿ ಕೇಳೋಕೆ ಈ ಊರು ಎರಡು ಭಾಷೆ ಬೆರೆಸುತ್ತೆ. ನಮಗೆ ಮೂರು ಪದ ಕಲಿಯೋಕೆ ಹತ್ತು ವರ್ಷ ಸಾಲಲ್ಲ!

ಈಗ ನಮ್ಮ ಟೀಮ್ ಲಂಚ್ ಹಾಕರ್ ಸೆಂಟರಲ್ಲಿ. ಅವರವರು ಅವರವರ ಅಂಗಡಿಯಿಂದ ತರ್ತಾರೆ, ಕೂರೋದು ಒಟ್ಟಿಗೆ. ನಿಂಬೆ ಶರಬತ್ತಿನ ಜೊತೆ ಅವಳ ತಟ್ಟೇಲಿ ಊಟವೂ ಇರುತ್ತೆ.

ಮುಂದಿನ ಸಲ "ಕನ್ನಡ್ ಗೊತ್ತಿಲ್ಲ" ಅನ್ನೋನನ್ನ ಬೈಯೋ ಮುಂಚೆ, ನಿಮ್ಮ ಬ್ಲಾಕಿನ ಕೆಳಗಿರೋ ಅಂಗಡಿಗೆ ಹೋಗಿ ಒಂದು ಕೋಪಿ ತಗೊಳ್ಳಿ. ಬೆರಳು ತೋರಿಸಿ ಅಲ್ಲ, ಬಾಯಿಬಿಟ್ಟು ಕೇಳಿ.