ಭಾನುವಾರದ ರಜೆ ಅಡುಗೆಮನೆಗೂ ಇರಲಿ

ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ದೊರೆತದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದ ಫಲವಾಗಿ. ಆದರೆ ನಮ್ಮ ಅನೇಕ ಮನೆಗಳಲ್ಲಿ ಗೃಹಿಣಿಗೆ ದುಡಿಮೆ ಅಧಿಕವಾಗುವುದು ಅದೇ ದಿನ. ಆಂಗ್ಲರ ಭಾನುವಾರದ ‘ರೋಸ್ಟ್’ ಈ ವಿಷಯದಲ್ಲಿ ಅನುಕರಣೀಯ: ಮಾಂಸ, ಆಲೂಗಡ್ಡೆ, ಗಜ್ಜರಿಗಳನ್ನು ಒಟ್ಟಿಗೆ ಓವನ್ನಿನಲ್ಲಿರಿಸಿದರೆ ಉಳಿದುದನ್ನು ಶಾಖವೇ ಪೂರೈಸುತ್ತದೆ. ನಮ್ಮ ಬಿಸಿಬೇಳೆಭಾತಿಗೂ ಇದೇ ಗುಣವುಂಟು. ಅಕ್ಕಿ, ತೊಗರಿಬೇಳೆ, ತರಕಾರಿಗಳು ಒಂದೇ ಕುಕ್ಕರಿನಲ್ಲಿ ಬೇಯುತ್ತವೆ. ಸಿಹಿಗೆ ಬಾಳೆಹಣ್ಣಿನ ರಸಾಯನ ಸಾಕು. ಹಣ್ಣಿನ ಹೋಳು, ತೆಂಗಿನ ಹಾಲು, ಬೆಲ್ಲ, ಏಲಕ್ಕಿ; ಒಲೆಯೇ ಬೇಡವಾದ್ದರಿಂದ ಮಕ್ಕಳೂ ಮಾಡಬಲ್ಲರು. ಬೆಲ್ಲವೂ ಸಕ್ಕರೆಯೇ ಆದುದರಿಂದ, ಚೆನ್ನಾಗಿ ಕಳಿತ ಹಣ್ಣನ್ನಾರಿಸಿ ಬೆಲ್ಲವನ್ನು ಮಿತಗೊಳಿಸುವುದು ಹಿತಕರ. ತರಕಾರಿ ಹೆಚ್ಚುವ, ಪಾತ್ರೆ ತೊಳೆಯುವ ಕೆಲಸ ಗಂಡಸರ ಪಾಲಿಗೆ ಬರಲಿ. ಬಡಿಸುವವಳೂ ಪಂಕ್ತಿಯಲ್ಲಿ ಕುಳಿತು ಬಿಸಿಯಾಗಿ ಉಂಡಾಗಲೇ ಭಾನುವಾರದ ಊಟ ಇಡೀ ಕುಟುಂಬದ ಊಟವೆನಿಸೀತು.