ಸುಮ್ಮನಿರುವ ಗಣಕಯಂತ್ರ, ಸುಮ್ಮನಿರದ ಹಾರ್ಡ್‌ಡಿಸ್ಕ್

ಅಂಗಡಿ, ಗೋದಾಮು, ಸಣ್ಣ ಕಾರ್ಖಾನೆಗಳ ಲೆಕ್ಕಪತ್ರವೆಲ್ಲವೂ ಇಂದು ಗಣಕಯಂತ್ರದೊಳಗಿದೆ. ಗುಮಾಸ್ತರು ಊಟಕ್ಕೆ ಎದ್ದುಹೋದ ಮೇಲೂ ಯಂತ್ರದ ಪುಟ್ಟ ದೀಪ ಎಡೆಬಿಡದೆ ಮಿನುಗುತ್ತ, ಹಾರ್ಡ್‌ಡಿಸ್ಕ್ ಕರಕರ ಸದ್ದು ಮಾಡುತ್ತಿದ್ದರೆ ಬಹುಪಾಲು ವರ್ತಕರು ಅದನ್ನು ಕಡೆಗಣಿಸುತ್ತಾರೆ. ಇಲ್ಲವೇ ರಿಪೇರಿಯವರನ್ನು ಕರೆಸಿ ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿಸುತ್ತಾರೆ. ಈ ಎರಡೂ ಮಾರ್ಗಗಳು ವ್ಯಾಪಾರಕ್ಕೆ ಹಿತಕರವಲ್ಲ.

ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ನಿರುಪದ್ರವಿಯಾದುದು. ಕಡತಗಳ ಸೂಚಿ ಸಿದ್ಧಪಡಿಸುವುದು, ವೈರಸ್ ತಪಾಸಣೆ, ಅಪ್‌ಡೇಟ್ ಮುಂತಾದ ಕೆಲಸಗಳಿಗೆ ವಿಂಡೋಸ್ ವ್ಯವಸ್ಥೆಯು ಯಂತ್ರದ ಬಿಡುವಿನ ವೇಳೆಯನ್ನೇ ಆರಿಸಿಕೊಳ್ಳುತ್ತದೆ. ಅದರ ಸ್ವಯಂಚಾಲಿತ ನಿರ್ವಹಣೆಗೆ ಸಾಮಾನ್ಯವಾಗಿ ನಿಗದಿಯಾಗಿರುವ ಹೊತ್ತು ರಾತ್ರಿ 2 ಗಂಟೆ. ರಾತ್ರಿ ಯಂತ್ರವನ್ನು ಆರಿಸಿ ಬಾಗಿಲು ಹಾಕುವ ಅಂಗಡಿಗಳಲ್ಲಿ ಆ ಕೆಲಸ ಹಗಲಿನ ಬಿಡುವಿಗೆ ಬಂದು ಬೀಳುತ್ತದೆ. ಮೆಮೊರಿ ಸಾಲದ ಯಂತ್ರವಂತೂ ಡಿಸ್ಕನ್ನೇ ಮೆಮೊರಿಯಂತೆ ಬಳಸಿ ಅದಕ್ಕೆ ವಿಶ್ರಾಂತಿ ಕೊಡದು.

ಆದರೆ ಎಲ್ಲ ಸದ್ದೂ ಒಂದೇ ಅಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆದುಕೊಳ್ಳುವ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕನ್ನು ಯಾವ ತಂತ್ರಾಂಶ ದುಡಿಸುತ್ತಿದೆಯೆಂಬುದು ಕಾಣುತ್ತದೆ. ರಿಸೋರ್ಸ್ ಮಾನಿಟರ್ ಕಡತದ ಹೆಸರನ್ನೂ ತೋರಿಸುತ್ತದೆ. ಡಿಸ್ಕ್ ಶೇಕಡಾ 100ರಷ್ಟು ನಿರತವಾಗಿದ್ದೂ ಅತ್ಯಲ್ಪ ಮಾಹಿತಿಯಷ್ಟೇ ಸಾಗುತ್ತಿದ್ದರೆ, ಪ್ರತಿಕ್ರಿಯೆಯ ಅವಧಿ ಸಾವಿರಾರು ಮಿಲಿಸೆಕೆಂಡ್ ತಲುಪುತ್ತಿದ್ದರೆ, ಡಿಸ್ಕ್ ಸವೆದಿರುವ ಶಂಕೆ ಬಲವಾಗುತ್ತದೆ. ಕಡತಗಳ ಹೆಸರಿನ ಬಾಲ ತಾನಾಗಿ ಬದಲಾಗುತ್ತಿದ್ದರೆ ಅದು ಒತ್ತೆಹಣ ಕೇಳುವ ಕುತಂತ್ರಾಂಶದ ಲಕ್ಷಣ; ಜಾಲದ ಕೇಬಲನ್ನು ಆ ಕ್ಷಣವೇ ಕಿತ್ತು ತಜ್ಞರನ್ನು ಕರೆಯಬೇಕು.

ಸದ್ದಿಗೆ ಬೇಸತ್ತು ಅಪ್‌ಡೇಟ್ ಮತ್ತು ವೈರಸ್ ತಪಾಸಣೆಗಳನ್ನೇ ನಿಲ್ಲಿಸುವ ರೂಢಿಯೂ ಉಂಟು. ಇದು ಕಾವಲುಗಾರ ಕೆಮ್ಮುತ್ತಾನೆಂದು ಅವನನ್ನು ಮನೆಗೆ ಕಳುಹಿಸಿದಂತೆ. 2017ರ ಮೇ ತಿಂಗಳಿನಲ್ಲಿ ಜಗತ್ತನ್ನು ಕಾಡಿದ ವಾನ್ನಾಕ್ರೈ ದಾಳಿಯನ್ನು ತಡೆಯಬಲ್ಲ ಅಪ್‌ಡೇಟ್ ಮಾರ್ಚ್ ತಿಂಗಳಿನಲ್ಲೇ ಬಿಡುಗಡೆಯಾಗಿತ್ತು. ಅದನ್ನು ಅಳವಡಿಸಿಕೊಳ್ಳದಿದ್ದವರು ಬೆಲೆ ತೆತ್ತರು.

ಜಿಎಸ್‌ಟಿ ಕಾಯಿದೆಯ ಪ್ರಕಾರ ಲೆಕ್ಕಪುಸ್ತಕಗಳನ್ನು ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳವರೆಗೆ ಕಾಪಾಡಬೇಕು. ಡಿಸ್ಕ್ ಕೆಟ್ಟಿತೆಂಬ ಸಬೂಬು ಆ ಹೊಣೆಯನ್ನು ಇಳಿಸದು. ಆದ್ದರಿಂದ ಸಂಶಯ ಬಂದೊಡನೆ ಮೊದಲು ಮಾಡಬೇಕಾದುದು ಫಾರ್ಮ್ಯಾಟ್ ಅಲ್ಲ, ರಿಪೇರಿಯೂ ಅಲ್ಲ. ಲೆಕ್ಕದ ದತ್ತಾಂಶವನ್ನು ಬೇರೊಂದು ಡಿಸ್ಕಿಗೆ ನಕಲಿಸುವುದು. ಸವೆದ ಡಿಸ್ಕಿನ ಮೇಲೆ ದೀರ್ಘ ತಪಾಸಣೆ ನಡೆಸಿದರೆ ಉಳಿದದ್ದೂ ಕೈತಪ್ಪಬಹುದು. ಹಳೆಯ ನಕಲನ್ನು ಅಳಿಸದೆ ಹೊಸದನ್ನು ಪ್ರತ್ಯೇಕವಾಗಿ ಇಡುವುದು, ನಕಲು ಮುಗಿದೊಡನೆ ಆ ಡಿಸ್ಕನ್ನು ಯಂತ್ರದಿಂದ ಬೇರ್ಪಡಿಸುವುದು ಅಷ್ಟೇ ಅಗತ್ಯ.

ದಿನದ ಕೊನೆಗೆ ಗಲ್ಲಾಪೆಟ್ಟಿಗೆಯ ಹಣ ಎಣಿಸದೆ ಯಾವ ವರ್ತಕನೂ ಬಾಗಿಲು ಹಾಕುವುದಿಲ್ಲ. ವರ್ಷಗಳ ಬಾಕಿ ವಸೂಲಿಯ ವಿವರ ಅಡಗಿರುವ ಡಿಸ್ಕಿಗೂ ಅಂಥದೇ ಐದು ನಿಮಿಷದ ಗಮನ ಸಲ್ಲಬೇಕಾಗಿದೆ.