ಊರಿನ ಹೆಸರು ಹೊತ್ತ ಈರುಳ್ಳಿ

ದಾವಣಗೆರೆಯ ಮಂಡಕ್ಕಿ ಅಂಗಡಿಯ ಮುಂದೆ ಒಬ್ಬರು ‘ಈರುಳ್ಳಿ ಜಾಸ್ತಿ ಹಾಕಪ್ಪಾ’ ಎಂದರೆ ಪಕ್ಕದವರು ‘ಉಳ್ಳಾಗಡ್ಡಿ’ ಎನ್ನುತ್ತಾರೆ. ಹರಿಹರದಲ್ಲಿ ತುಂಗಭದ್ರೆ ದಾಟಿ ರಾಣೆಬೆನ್ನೂರಿನ ಕಡೆ ಹೋದರಂತೂ ಉಳ್ಳಾಗಡ್ಡಿಯದೇ ರಾಜ್ಯ. ಎರಡರಲ್ಲೂ ಇರುವುದು ‘ಉಳ್ಳಿ’ ಎಂಬ ಹಳೆಯ ದ್ರಾವಿಡ ಮಾತು. ಬೆಳ್ಳುಳ್ಳಿಯಲ್ಲೂ ಕರಾವಳಿಯ ನೀರುಳ್ಳಿಯಲ್ಲೂ ಅದೇ.

ಸಾಂಬಾರ್ ಈರುಳ್ಳಿಗೆ ಮಾತ್ರ ಅದು ಬೀಳುವ ಪಾತ್ರೆಯ ಹೆಸರು! ಇಂಗ್ಲಿಷಿನವರ ‘ಶ್ಯಾಲಟ್’ ಒಂದು ಊರಿನಿಂದ ಬಂದದ್ದು. ಫ್ರೆಂಚ್, ಲ್ಯಾಟಿನ್ ಹಾದು ಹಿಂದಕ್ಕೆ ಹೋದರೆ ಸಿಗುವುದು ಅಸ್ಕಲಾನ್, ಅಂದರೆ ಇಂದಿನ ಇಸ್ರೇಲಿನ ಕಡಲ ದಂಡೆಯ ಅಷ್ಕೆಲಾನ್. ಊರು ಸಣ್ಣದು, ಈರುಳ್ಳಿಗೆ ನೆಲ ಒಳ್ಳೆಯದು ಎಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟ. ಅಂದಿನ ಗಡ್ಡೆಯೇ ಇಂದಿನದು ಎನ್ನುವಂತಿಲ್ಲ. ಉಳಿದು ಬಂದದ್ದು ಹೆಸರು.

ಇಂಥದ್ದು ನಮ್ಮಲ್ಲೂ ಉಂಟು. ತಮಿಳುನಾಡಿನಲ್ಲಿ ಸಣ್ಣದು ಚಿನ್ನ ವೆಂಗಾಯಂ. ದೊಡ್ಡದಕ್ಕೆ ಅನೇಕ ಕಡೆ ‘ಬಳ್ಳಾರಿ’ ಎಂದೇ ಹೆಸರು. ಜಗಳೂರಿನ ರೈತ ಬೆವರು ಸುರಿಸಿ ಬೆಳೆದದ್ದೂ ಅಲ್ಲಿಗೆ ಹೋದರೆ ಬಳ್ಳಾರಿಯೇ. ಬೆಣ್ಣೆದೋಸೆಯ ವಿಷಯದಲ್ಲಿ ದಾವಣಗೆರೆಯವರು ಇದನ್ನು ಒಪ್ಪುತ್ತಿದ್ದರೇ?

ಹೆಸರಿನ ಈ ಗೊಂದಲ ಕೈಚೀಲದವರೆಗೂ ಬರುತ್ತದೆ. ದೊಡ್ಡ ಈರುಳ್ಳಿಯಲ್ಲೇ ಗಾತ್ರ ಬಾರದವನ್ನು ಆರಿಸಿ ‘ಸಾಂಬಾರಿನದು ಕಣಮ್ಮಾ’ ಎಂದು ದುಬಾರಿ ಬೆಲೆಗೆ ತೂಗುವವರಿದ್ದಾರೆ. ನಿಜವಾದದ್ದು ಸಾಮಾನ್ಯವಾಗಿ ಒಂದೇ ಬುಡದಲ್ಲಿ ಗೊಂಚಲಾಗಿ ಬೆಳೆಯುತ್ತದೆ. ಸಿಪ್ಪೆ ಬಿಡಿಸಿದರೆ ಎಷ್ಟೋ ಗಡ್ಡೆಗಳು ಎರಡು ಮೂರಾಗಿ ಒಡೆದಿರುತ್ತವೆ. ರಾಶಿಯಲ್ಲಿ ಇರುವುದೆಲ್ಲ ಒಂಟಿ ದುಂಡು ಗಡ್ಡೆಗಳೇ ಆದರೆ ಸಾಂಬಾರಿನ ಬೆಲೆ ಕೊಡಬೇಡಿ.